ಹೈದರಾಬಾದಿನ ಕ್ಲೋರೋಫಾರಂ ಆಯೋಗವೂ ಸ್ಥೂಲಕಾಯರ ಉಸಿರೂ: ಒಂದು ಪುನರ್ವಿಮರ್ಶೆ

ಚರಿತ್ರೆಯ ಅಧ್ಯಾಪಕರು ವೈದ್ಯಶಾಸ್ತ್ರದ ವಿಷಯದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಆದರೆ ವೈದ್ಯಶಾಸ್ತ್ರಕ್ಕೂ ಒಂದು ಚರಿತ್ರೆಯುಂಟು. ಆ ಚರಿತ್ರೆಯ ಆಧಾರಗಳನ್ನು ಓದಿ ತೂಗಿ ನೋಡುವುದಕ್ಕೆ ಶಸ್ತ್ರವೈದ್ಯನ ಕೈಚಳಕ ಬೇಕಾಗಿಲ್ಲ, ಶಾಸನವನ್ನೋ ಸನದನ್ನೋ ಓದುವಾಗ ಇರಬೇಕಾದ ಎಚ್ಚರವೇ ಸಾಕು. 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಸೇರಿದ ಎರಡು ಕ್ಲೋರೋಫಾರಂ ಆಯೋಗಗಳನ್ನು ಅರಿವಳಿಕೆಯ ಚರಿತ್ರೆಕಾರರು ಸಾಮಾನ್ಯವಾಗಿ ಒಂದು ದೊಡ್ಡ ಪ್ರಮಾದದ ನಿದರ್ಶನವೆಂದು ಕರೆದು, ಎರಡು ಪುಟಗಳಲ್ಲಿ ಮುಗಿಸಿಬಿಡುತ್ತಾರೆ. ಈ ತೀರ್ಪು ಅರ್ಧ ಮಾತ್ರ ಸರಿಯೆಂಬುದು ನಮ್ಮ ಅಭಿಪ್ರಾಯ. ಸ್ಥೂಲಕಾಯನಾದ ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು ಮಾಸ್ಕಿನ ಮೂಲಕ ಉಸಿರಾಡಿಸುವಾಗ ಒದಗುವ ಕಷ್ಟವನ್ನು ಎದುರಿಗಿಟ್ಟುಕೊಂಡು ಆ ವರದಿಯನ್ನು ಓದಿದರೆ, ಅದರಲ್ಲಿ ಉಳಿದದ್ದೆಷ್ಟು, ಬಿದ್ದುಹೋದದ್ದೆಷ್ಟು ಎಂಬುದು ಚೆನ್ನಾಗಿ ಗೋಚರಿಸುತ್ತದೆ.

ಈ ವಿಚಾರಕ್ಕೆ ನಾವು ಬಂದದ್ದು ಲಗ್ಗೆರೆಯ ಒಂದು ಮನೆಯ ಮೂಲಕ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಲಗ್ಗೆರೆ ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಹಳ್ಳಿ. ಇಂದು ಲೇತ್ ಯಂತ್ರದ ಕೆಲಸಗಾರರೂ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರೂ ಒತ್ತೊತ್ತಾದ ಬಾಡಿಗೆ ಮನೆಗಳಲ್ಲಿ ವಾಸವಾಗಿರುವ ಬಡಾವಣೆ. ಅಲ್ಲಿಂದ ನಮ್ಮ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನ ತಾಯಿಗೆ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು; ಹಿಂದಿನ ರಾತ್ರಿಯಿಂದ ಉಪವಾಸವಿದ್ದ ಆಕೆಯನ್ನು ಮಧ್ಯಾಹ್ನದ ಹೊತ್ತಿಗೆ, “ತುಂಬಾ ದಪ್ಪ ಇದ್ದಾರೆ, ಅನಸ್ತೇಷಿಯಾಗೆ ಆಗಲ್ಲ, ತೂಕ ಇಳಿಸಿಕೊಂಡು ಬನ್ನಿ” ಎಂದು ಹಿಂದಕ್ಕೆ ಕಳುಹಿಸಿದರು. ಕೈಗೆ ಕೊಟ್ಟ ಚೀಟಿಯಲ್ಲಿ ಎತ್ತರ 150 ಸೆಂಟಿಮೀಟರ್, ತೂಕ 78 ಕಿಲೋ ಎಂದು ಬರೆದು, ಅದರ ಮುಂದೆ 34.7 ಎಂಬ ಅಂಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. “ಇದೇನು ಸಾರ್ ಈ ನಂಬರು? ಇದಕ್ಕೂ ನಮ್ಮಮ್ಮನ ಉಸಿರಿಗೂ ಏನು ಸಂಬಂಧ?” ಎಂದು ಹುಡುಗ ಕೇಳಿದ. ಪ್ರಶ್ನೆಯ ಎರಡನೆಯ ಭಾಗಕ್ಕೆ ನಮ್ಮಲ್ಲಿ ಆಗ ಉತ್ತರವಿರಲಿಲ್ಲ.

ಮೊದಲು ವೈದ್ಯರಲ್ಲದ ವಾಚಕರಿಗಾಗಿ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕು. ಪೂರ್ಣ ಅರಿವಳಿಕೆಯ ಮದ್ದು ರಕ್ತಕ್ಕೆ ಸೇರಿದೊಡನೆ ರೋಗಿಯ ಪ್ರಜ್ಞೆ ಹೋಗುತ್ತದೆ. ಅದರ ಜೊತೆಗೆ ಗಂಟಲಿನ ಸ್ನಾಯುಗಳ ಬಿಗಿಯೂ ಹೋಗುತ್ತದೆ. ನಾಲಗೆಯ ಬುಡವೂ ಮೆದುವಾದ ಅಂಗುಳವೂ ಹಿಂದಕ್ಕೆ ಕುಸಿದು ಉಸಿರಿನ ದಾರಿಯನ್ನು ಮುಚ್ಚಲು ತೊಡಗುತ್ತವೆ. ಅನಂತರ ಕೊಡುವ ಸ್ನಾಯು ಸಡಿಲಿಸುವ ಮದ್ದು ಉಸಿರಾಟವನ್ನೇ ನಿಲ್ಲಿಸುತ್ತದೆ. ಶ್ವಾಸನಾಳದೊಳಕ್ಕೆ ಕೊಳವೆಯನ್ನು ಇಳಿಸುವವರೆಗಿನ ಆ ಕೆಲವು ನಿಮಿಷಗಳಲ್ಲಿ ರೋಗಿಯ ಜೀವವೆಲ್ಲ ಒಂದು ಮಾಸ್ಕು, ಒಂದು ರಬ್ಬರ್ ಚೀಲ, ಒಬ್ಬ ವೈದ್ಯನ ಎರಡು ಕೈ, ಇಷ್ಟರಲ್ಲಿರುತ್ತದೆ. ಎಡಗೈಯ ಹೆಬ್ಬೆರಳು ತೋರುಬೆರಳುಗಳು ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯುತ್ತವೆ. ಉಳಿದ ಮೂರು ಬೆರಳುಗಳು ಕೆಳದವಡೆಯ ಮೂಳೆಯನ್ನು ಹಿಡಿದು ಮೇಲಕ್ಕೆತ್ತುತ್ತವೆ. ಬಲಗೈ ಚೀಲವನ್ನು ಹಿಸುಕುತ್ತದೆ. ಕೆಲಸ ಸುಲಭವೆಂದು ತೋರುತ್ತದೆ. ಆದರೆ ದವಡೆಯನ್ನು ಎತ್ತದೆ ಮಾಸ್ಕನ್ನು ಮಾತ್ರ ಬಲವಾಗಿ ಒತ್ತಿದರೆ, ತೆರೆಯಬೇಕಾದ ದಾರಿಯನ್ನು ತಾನೇ ಮುಚ್ಚಿದಂತಾಗುತ್ತದೆ.

ಸ್ಥೂಲಕಾಯರಲ್ಲಿ ಈ ಕಷ್ಟ ಹಲವು ಕಡೆಗಳಿಂದ ಬರುತ್ತದೆ. ಗಲ್ಲದ ಕೆಳಗೂ ಕತ್ತಿನ ಸುತ್ತಲೂ ತುಂಬಿದ ಕೊಬ್ಬು ಬೆರಳಿಗೆ ಮೂಳೆಯನ್ನು ಸಿಕ್ಕಗೊಡುವುದಿಲ್ಲ. ಗಂಟಲಿನ ಒಳಗೋಡೆಯ ಕೊಬ್ಬು ದಾರಿಯನ್ನು ಕಿರಿದುಮಾಡಿರುತ್ತದೆ. ಎದೆಯ ಮೇಲಿನ ಭಾರವನ್ನು ಎತ್ತಲು ಚೀಲವನ್ನು ಹೆಚ್ಚು ಒತ್ತಡದಿಂದ ಹಿಸುಕಬೇಕಾಗುತ್ತದೆ. ಒತ್ತಡ ಮಿತಿಮೀರಿದರೆ ಗಾಳಿ ಅನ್ನನಾಳದಲ್ಲಿಳಿದು ಹೊಟ್ಟೆಯನ್ನು ಉಬ್ಬಿಸುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದುದು, ಅಂಗಾತ ಮಲಗಿದಾಗ ಹೊಟ್ಟೆಯ ಭಾರ ವಪೆಯನ್ನು ಎದೆಯೊಳಕ್ಕೆ ತಳ್ಳುವುದರಿಂದ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯಬೇಕಾದ ಗಾಳಿಯ ಠೇವಣಿ ಕಡಿಮೆಯಾಗುತ್ತದೆ. ಉಸಿರು ನಿಂತಾಗ ದೇಹ ಬದುಕುವುದು ಈ ಠೇವಣಿಯ ಮೇಲೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲೇ ಆಮ್ಲಜನಕವನ್ನು ಉಸಿರಾಡಿಸಿ ಅನಂತರ ಉಸಿರು ನಿಂತಾಗ, ರಕ್ತದ ಆಮ್ಲಜನಕದ ಮಟ್ಟ ನೂರಕ್ಕೆ 90ಕ್ಕೆ ಇಳಿಯಲು ಸಾಮಾನ್ಯ ತೂಕದವರಲ್ಲಿ ಸರಾಸರಿ 364 ಸೆಕೆಂಡುಗಳೂ ಅತಿಸ್ಥೂಲರಲ್ಲಿ 163 ಸೆಕೆಂಡುಗಳೂ ಹಿಡಿದವು. ಆರು ನಿಮಿಷದ ಅವಕಾಶ ಮೂರಕ್ಕೂ ಕಡಿಮೆಯಾಯಿತು. ಮಾಸ್ಕಿನಿಂದ ಉಸಿರಾಡಿಸುವುದು ಕಷ್ಟವಾಗಬಹುದಾದ ರೋಗಿಯಲ್ಲಿಯೇ ಹೊತ್ತೂ ಕಡಿಮೆ. ಹುಡುಗನ ಪ್ರಶ್ನೆಗೆ ಮೊದಲ ಉತ್ತರ ಇದು.

ಇನ್ನು ಹೈದರಾಬಾದು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರಂ ಬಳಕೆಗೆ ತಂದ ಮೂರು ತಿಂಗಳೊಳಗಾಗಿ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕಾಸಲ್ ಬಳಿ ಹಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕಾಲುಗುರು ಕೀಳಿಸಿಕೊಳ್ಳಲು ಹೋಗಿ ಅದರ ಅಮಲಿನಲ್ಲೇ ಸತ್ತಳು. ಇಂಥ ಸಾವಿನ ಕಾರಣವೇನು? ಲಂಡನ್ನಿನ ಜಾನ್ ಸ್ನೋ, ಹೆಚ್ಚು ದಟ್ಟವಾದ ಆವಿ ಹೃದಯವನ್ನು ಸ್ತಬ್ಧಗೊಳಿಸುತ್ತದೆ ಎಂದನು. ಎಡಿನ್‌ಬರೋದ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕ ಜೇಮ್ಸ್ ಸೈಮ್, ನಾಡಿಯನ್ನು ಬಿಟ್ಟು ಉಸಿರನ್ನು ಕಾಯಬೇಕೆಂದು ಶಿಷ್ಯರಿಗೆ ಬೋಧಿಸಿದನು. ಆ ಶಿಷ್ಯರಲ್ಲೊಬ್ಬ ಎಡ್ವರ್ಡ್ ಲಾರಿ. ಈತ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ನನಾಗಿ ಬಂದು, ಅಲ್ಲಿಯ ವೈದ್ಯಶಾಲೆಯ ಮುಖ್ಯಸ್ಥನೂ ಆಗಿ, ಗುರುವಿನ ಮಾತನ್ನು ಧರ್ಮಸೂತ್ರದಂತೆ ಪಾಲಿಸಿದನು.

1880ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಗ್ಲಾಸ್ಗೋ ಸಮಿತಿ, ಕ್ಲೋರೋಫಾರಂ ರಕ್ತದ ಒತ್ತಡವನ್ನೂ ಹೃದಯದ ಕೆಲಸವನ್ನೂ ಕುಗ್ಗಿಸುತ್ತದೆ ಎಂದು ವರದಿ ಮಾಡಿತ್ತು. ಇದನ್ನು ಲಾರಿ ಒಪ್ಪಲಿಲ್ಲ. 1888ರಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಆಶ್ರಯದಲ್ಲಿ ಮೊದಲನೆಯ ಆಯೋಗ ಸೇರಿ, ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುವುದೆಂದು ಸಾರಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಇದನ್ನು ಸಂದೇಹದಿಂದ ನೋಡಿತು. ನಿಜಾಮನು 1,000 ಪೌಂಡುಗಳನ್ನು ಕೊಟ್ಟು, ಆ ಪತ್ರಿಕೆಯೇ ತನಗೆ ನಂಬಿಕೆಯಿರುವ ವಿಜ್ಞಾನಿಯೊಬ್ಬನನ್ನು ಕಳುಹಿಸಲೆಂದನು. ಹಾಗೆ ಬಂದವನು ಪ್ರಸಿದ್ಧ ಔಷಧಶಾಸ್ತ್ರಜ್ಞ ಥಾಮಸ್ ಲಾಡರ್ ಬ್ರಂಟನ್. ಹೃದಯಕ್ಕೇ ಅಪಾಯವೆಂದು ನಂಬಿ ಬಂದವನು 1889ರ ಕೊನೆಯ ಹೊತ್ತಿಗೆ ಲಾರಿಯ ಪಕ್ಷಕ್ಕೆ ತಿರುಗಿದನು. ವರದಿ 1890ರಲ್ಲಿ ಲ್ಯಾನ್ಸೆಟ್ಟಿನಲ್ಲಿ ಅಚ್ಚಾಯಿತು. ಇಂದಿನ ಕಲಬುರಗಿ, ರಾಯಚೂರು, ಬೀದರ ಸೀಮೆಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವುದಕ್ಕೆ ಮೊದಲು ಹೈದರಾಬಾದಿನ ಭಾಗವಾಗಿದ್ದವೆಂಬುದನ್ನು ನೆನೆದರೆ, ಈ ಆಯೋಗ ಕನ್ನಡನಾಡಿನ ಚರಿತ್ರೆಗೂ ತೀರ ಹೊರಗಿನದಲ್ಲ. ನಮ್ಮ ಪಠ್ಯಪುಸ್ತಕಗಳು ನಿಜಾಮನ ಆಭರಣಗಳಿಗೆ ಕೊಡುವ ಜಾಗದಲ್ಲಿ ಒಂದು ವಾಕ್ಯವನ್ನಾದರೂ ಇದಕ್ಕೆ ಬಿಡಬಹುದಾಗಿತ್ತು. ಲೋಕದ ಮೊದಲ ಮಹಿಳಾ ಅರಿವಳಿಕೆ ವೈದ್ಯೆಯೆಂದು ಗಣಿತಳಾದ ರೂಪಾಬಾಯಿ ಫರ್ದೂನ್‌ಜಿ ಕ್ಲೋರೋಫಾರಂ ಕೊಡಲು ಕಲಿತದ್ದೂ ಲಾರಿಯ ಈ ಶಾಲೆಯಲ್ಲಿಯೇ.

ಆಯೋಗದ ಸಿದ್ಧಾಂತ ನಿಲ್ಲಲಿಲ್ಲ. 1893ರಲ್ಲಿ ಕೇಂಬ್ರಿಜ್ಜಿನ ಗ್ಯಾಸ್ಕೆಲ್ ಮತ್ತು ಶೋರ್ ಎಂಬವರು, ಒಂದು ಪ್ರಾಣಿಯ ರಕ್ತ ಇನ್ನೊಂದರ ಮಿದುಳಿಗೆ ಹರಿಯುವಂತೆ ಮಾಡಿ, ಕ್ಲೋರೋಫಾರಂ ಹೃದಯವನ್ನೇ ನೇರವಾಗಿ ಕುಗ್ಗಿಸುವುದೆಂದು ತೋರಿಸಿದರು. 1911ರಲ್ಲಿ ಗುಡ್‌ಮನ್ ಲೆವಿ, ಅಮಲು ಹಗುರವಾಗಿದ್ದಾಗಲೇ ಬೆಕ್ಕುಗಳ ಹೃದಯ ಅಡ್ರಿನಲಿನ್ನಿನ ಪ್ರಚೋದನೆಯಿಂದ ಅದಿರಾಡಿ ನಿಲ್ಲುವುದನ್ನು ಕಂಡನು. ಭಯಗ್ರಸ್ತರಾದ ರೋಗಿಗಳು ಅಮಲಿನ ಆರಂಭದಲ್ಲೇ ಸಾಯುತ್ತಿದ್ದುದಕ್ಕೆ ಇದು ಕಾರಣವಾಗಿ ಒಪ್ಪಿತವಾಯಿತು. ಆದಕಾರಣ ಉಸಿರಿಗಿಂತ ಮೊದಲು ಹೃದಯ ಎಂದೂ ನಿಲ್ಲದು ಎಂಬ ಹೈದರಾಬಾದಿನ ಘೋಷಣೆ ಸುಳ್ಳಾಯಿತು. ಇದರಲ್ಲಿ ನಮಗೆ ವಿವಾದವಿಲ್ಲ. ಲಾರಿ ಕಡೆಯವರೆಗೂ ಇದನ್ನು ಒಪ್ಪದೆ ಹಟ ಹಿಡಿದದ್ದು ಅವನ ಸಿದ್ಧಾಂತಕ್ಕೂ ಕೀರ್ತಿಗೂ ಒಳ್ಳೆಯದು ಮಾಡಲಿಲ್ಲ.

ಆದರೆ ಚರಿತ್ರೆಕಾರರು ಇಲ್ಲಿಗೇ ನಿಲ್ಲುತ್ತಾರೆ. ಆಯೋಗದ ವರದಿಯಲ್ಲಿ ಶರೀರಶಾಸ್ತ್ರದ ಸಿದ್ಧಾಂತ ಒಂದು ಕಡೆ, ಕ್ಲೋರೋಫಾರಂ ಕೊಡುವವನಿಗೆ ಹೇಳಿದ ಪ್ರಯೋಗದ ನಿಯಮಗಳು ಇನ್ನೊಂದು ಕಡೆ. ಸಿದ್ಧಾಂತ ಬಿದ್ದರೆ ನಿಯಮಗಳೂ ಬಿದ್ದವೆಂದು ತಿಳಿಯುವುದು, ದಾನಶಾಸನದ ಪೀಠಿಕೆಯಲ್ಲಿರುವ ವಂಶಾವಳಿ ಕಲ್ಪಿತವೆಂದು ಕಂಡೊಡನೆ ಅದರಲ್ಲಿ ಹೇಳಿರುವ ಭೂಮಿಯ ಎಲ್ಲೆಗಳನ್ನೂ ತಳ್ಳಿಹಾಕಿದಂತೆ. ಆ ನಿಯಮಗಳನ್ನು ಬಿಡಿಯಾಗಿ ಪರೀಕ್ಷಿಸಬೇಕು.

ಒಂದು ನಿಯಮದ ತಾತ್ಪರ್ಯ ಹೀಗಿದೆ. ಉಸಿರು ಕಟ್ಟಿದಂತೆ ಕಂಡರೆ ಕೆಳದವಡೆಯನ್ನು ಅದರ ಕೋನಗಳ ಹಿಂದಿನಿಂದ ಮುಂದಕ್ಕೆ ತಳ್ಳಬೇಕು. ಕೆಳಗಿನ ಹಲ್ಲುಗಳು ಮೇಲಿನ ಹಲ್ಲುಗಳಿಗಿಂತ ಮುಂದೆ ಬರಬೇಕು. ಹೀಗೆ ಮಾಡಿದರೆ ಧ್ವನಿಪೆಟ್ಟಿಗೆಯ ಮುಚ್ಚಳ ಎದ್ದು ದಾರಿ ಬಿಡುತ್ತದೆ. ಕಷ್ಟ ಕಳೆಯುವವರೆಗೆ ಕೃತಕ ಉಸಿರಿನಿಂದ ರೋಗಿಗೆ ನೆರವಾಗಬೇಕು. ಇದು ಆಯೋಗದ ಶೋಧವಲ್ಲ. ಯೂರೋಪಿನಲ್ಲಿ 1870ರ ದಶಕದಲ್ಲೇ ಹೈಬರ್ಗ್, ಎಸ್ಮಾರ್ಕ್ ಎಂಬವರ ಹೆಸರಿನಲ್ಲಿ ಬಳಕೆಯಲ್ಲಿತ್ತು. ಆದರೂ ಎತ್ತಿ ಹಿಡಿದ ದವಡೆ ಮತ್ತು ಹೊರಗಿನಿಂದ ಕೊಡುವ ಉಸಿರು ಎರಡನ್ನೂ ಒಂದೇ ಉಪದೇಶದಲ್ಲಿ ಕೂಡಿಸಿರುವುದು ಗಮನಾರ್ಹ. ಇಂದು ಮಾಸ್ಕು ಹಿಡಿಯುವ ವೈದ್ಯ, ಅದರಲ್ಲೂ ರೋಗಿ ಸ್ಥೂಲಕಾಯನಾಗಿದ್ದು ಒಂದು ಕೈ ಸಾಲದೆ ಎರಡು ಕೈಗಳಿಂದ ದವಡೆಯನ್ನು ಎತ್ತಿ, ಚೀಲವನ್ನು ಹಿಸುಕಲು ಇನ್ನೊಬ್ಬನನ್ನು ಕರೆಯುವ ವೈದ್ಯ, ಮಾಡುವುದು ಇದನ್ನೇ.

ಇನ್ನೊಂದು ನಿಯಮ ನಮಗೆ ಇನ್ನೂ ಮುಖ್ಯವಾಗಿ ತೋರುತ್ತದೆ. ಕತ್ತು, ಎದೆ, ಹೊಟ್ಟೆಗಳ ಮೇಲೆ ಬಿಗಿಯಾದ ಬಟ್ಟೆ ಇರಕೂಡದು. ರೋಗಿ ಎಷ್ಟೇ ಒದ್ದಾಡಲಿ, ಸಹಾಯಕರಾಗಲಿ ಸುತ್ತ ನಿಂತವರಾಗಲಿ ಅವನ ಎದೆಯನ್ನೋ ಹೊಟ್ಟೆಯನ್ನೋ ಅದುಮಕೂಡದು ಎಂಬುದು ಅದರ ಭಾವ. ನಾಲ್ಕು ಜನ ಸೇರಿ ರೋಗಿಯನ್ನು ಹಿಡಿದು ಅದುಮುತ್ತಿದ್ದ ಆ ಕಾಲದಲ್ಲಿ ಇದು ದೊಡ್ಡ ಮಾತು. ಸ್ಥೂಲಕಾಯನ ವಿಷಯದಲ್ಲಿ ಅದುಮುವ ಕೈ ಹೊರಗಿನಿಂದ ಬರಬೇಕಾಗಿಲ್ಲ. ಅವನ ದೇಹದ ಭಾರವೇ ಅವನ ಎದೆಯನ್ನೂ ಹೊಟ್ಟೆಯನ್ನೂ ಅದುಮುತ್ತದೆ. ಅದನ್ನು ಅಂಗಿಯ ಗುಂಡಿಯಂತೆ ಬಿಚ್ಚುವಂತಿಲ್ಲ. ಹಾಗಾದರೆ ಆ ಭಾರವನ್ನು ಬೇರೆ ಕಡೆಗೆ ಸರಿಸಬೇಕು, ಅಂದರೆ ತಲೆಯನ್ನೂ ಎದೆಯನ್ನೂ ಎತ್ತಿ ಓರೆಯಾಗಿ ಮಲಗಿಸಬೇಕು. ಆಯೋಗ ಎಡವಿದ್ದು ಇಲ್ಲಿ.

ಅದರ ಮೊದಲ ನಿಯಮ ರೋಗಿ ಅಂಗಾತ ಮಲಗಿರುವುದು, ಉಸಿರಾಟ ಪೂರ್ಣ ಸ್ವತಂತ್ರವಾಗಿರುವುದು, ಈ ಎರಡೂ ಅತ್ಯಗತ್ಯವೆಂದು ಒಂದೇ ಉಸಿರಿನಲ್ಲಿ ವಿಧಿಸುತ್ತದೆ. ತೆಳ್ಳಗಿನ ದೇಹಕ್ಕೆ ಈ ಎರಡು ವಿಧಿಗಳೂ ಒಟ್ಟಿಗೆ ಹೊಂದಬಹುದು. ಸ್ಥೂಲಕಾಯನಿಗೆ ಮೊದಲನೆಯದನ್ನು ಪಾಲಿಸಿದರೆ ಎರಡನೆಯದು ಭಂಗವಾಗುತ್ತದೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅತಿಸ್ಥೂಲರಾದ 42 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಂಗಾತ ಮಲಗಿದಂತೆಯೂ ಇನ್ನೊಂದಕ್ಕೆ ತಲೆಯ ಕಡೆ 25 ಡಿಗ್ರಿ ಎತ್ತಿದಂತೆಯೂ ಮೊದಲು ಆಮ್ಲಜನಕ ಕೊಡಲಾಯಿತು. ಉಸಿರು ನಿಂತ ಮೇಲೆ ಆಮ್ಲಜನಕದ ಮಟ್ಟ 92ಕ್ಕೆ ಇಳಿಯಲು ಮೊದಲ ಗುಂಪಿಗೆ ಸರಾಸರಿ 155 ಸೆಕೆಂಡು, ಎರಡನೆಯದಕ್ಕೆ 201 ಸೆಕೆಂಡು ಹಿಡಿಯಿತು. ಯಾವ ಮದ್ದೂ ಇಲ್ಲದೆ, ಮಂಚವನ್ನು ಓರೆಮಾಡಿದ್ದರಿಂದಲೇ ಮುಕ್ಕಾಲು ನಿಮಿಷ ದೊರೆಯಿತು. ಇಂದು ಅಂಥ ರೋಗಿಯ ಹೆಗಲು ತಲೆಗಳ ಕೆಳಗೆ ಮಡಿಸಿದ ಹೊದಿಕೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಪೇರಿಸಿ, ಕಿವಿಯ ರಂಧ್ರವೂ ಎದೆಮೂಳೆಯ ಮೇಲಂಚೂ ಒಂದೇ ಮಟ್ಟಕ್ಕೆ ಬರುವಂತೆ ಮಾಡುವುದು ರೂಢಿ.

ಆಯೋಗ ಅಂಗಾತವನ್ನೇ ಏಕೆ ಹಿಡಿಯಿತು? ಕುಳಿತಿರುವ ರೋಗಿಗೆ ಕ್ಲೋರೋಫಾರಂ ಕೊಟ್ಟರೆ ಮೂರ್ಛೆ ಬಂದು ಹೃದಯ ನಿಲ್ಲಬಹುದೆಂಬ ಭಯ ಆ ಕಾಲದಲ್ಲಿ ಬಲವಾಗಿತ್ತು. ಹಾಗಿದ್ದ ಪಕ್ಷದಲ್ಲಿ, ಹೃದಯದ ಅಪಾಯವನ್ನು ಅಲ್ಲಗಳೆದ ಆಯೋಗವೇ ಆ ಭಯದಿಂದ ಹುಟ್ಟಿದ ಆಚಾರವನ್ನು ಪರೀಕ್ಷಿಸದೆ ತನ್ನ ಮೊದಲ ನಿಯಮದಲ್ಲಿ ಇಟ್ಟುಕೊಂಡಂತಾಯಿತು. ಇದು ನಮ್ಮ ಊಹೆ. ಆದರೆ ವರದಿಯ ಒಳಗಿನ ವಿರೋಧಕ್ಕೆ ಇದಕ್ಕಿಂತ ಸಮಂಜಸವಾದ ವಿವರಣೆ ನಮಗೆ ತೋರಲಿಲ್ಲ. ಪ್ರಯೋಗಕ್ಕೆ ಒಳಗಾದ ದೇಹಗಳೂ ಈ ವಿರೋಧವನ್ನು ಹೊರಗೆಡಹುವಂಥವಾಗಿರಲಿಲ್ಲ. ಹೈದರಾಬಾದಿನ ಬೀದಿನಾಯಿಗಳು ಬಡಕಲು. ಅಂಗಾತ ಮಲಗಿಸಿದರೆ ತನ್ನ ಹೊಟ್ಟೆಯ ಭಾರದಿಂದಲೇ ಉಸಿರು ಕಟ್ಟುವ ನಾಯಿ ಅವುಗಳಲ್ಲಿ ಎಲ್ಲಿಂದ ಬರಬೇಕು? ನೂರಾರು ಪ್ರಾಣಿಗಳನ್ನು ಕೊಂದು ನಡೆಸಿದ ಈ ಪ್ರಯೋಗಮಾಲೆಯಲ್ಲಿ ಎಣಿಕೆಗೆ ಕೊರತೆಯಿರಲಿಲ್ಲ, ವೈವಿಧ್ಯಕ್ಕೆ ಕೊರತೆಯಿತ್ತು. ಒಂದೂರಿನ ಒಂದು ಬಗೆಯ ದೇಹದಲ್ಲಿ ಕಂಡುದನ್ನು ಲೋಕದ ದೇಹಗಳಿಗೆಲ್ಲ ನಿಯಮವೆಂದು ಹೇಳಿದುದು ಲಾರಿಯ ಮೂಲದೋಷ.

ಈ ದೋಷವನ್ನು ತೋರಿಸಿ ನಗುವ ನಾವು ಇಂದು ಅದರಿಂದ ಪಾರಾಗಿದ್ದೇವೆಯೇ? ಲಗ್ಗೆರೆಯ ಚೀಟಿಯಲ್ಲಿದ್ದ 34.7 ಎಂಬ ಅಂಕಿಯ ಚರಿತ್ರೆಯನ್ನು ನೋಡಿದರೆ ಹಾಗೆ ಹೇಳಲು ಧೈರ್ಯ ಬರುವುದಿಲ್ಲ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ 1830ರ ದಶಕದಲ್ಲಿ ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕೆಟಲೆಯಿಂದ ಹೊರಟಿತು. ಅವನಿಗೆ ಬೇಕಾಗಿದ್ದುದು ಸರಾಸರಿ ಮನುಷ್ಯನ ಚಿತ್ರ. ಕೊಬ್ಬಾಗಲಿ ರೋಗವಾಗಲಿ ಅವನ ವಿಷಯವಾಗಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಐದು ದೇಶಗಳ ಸುಮಾರು 7,400 ಮಂದಿಯ ಅಳತೆಗಳಿಂದ ಇದನ್ನು ಪರೀಕ್ಷಿಸಿ, ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರಿಟ್ಟನು. ಅವರೆಲ್ಲರೂ ಗಂಡಸರು, ಭಾರತ ಆ ಐದರಲ್ಲಿ ಇರಲಿಲ್ಲ. ಅದೇ ಅಂಕಿಗೆ ಭಾರತೀಯರ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚು, ಅದೂ ಹೊಟ್ಟೆಯೊಳಗೆ ಹೆಚ್ಚು ಎಂದು ಕಂಡುಬಂದ ಮೇಲೆ, 2009ರಲ್ಲಿ ಭಾರತೀಯ ವೈದ್ಯತಜ್ಞರು ಸ್ಥೂಲತೆಯ ಗೆರೆಯನ್ನು 30ರಿಂದ 25ಕ್ಕೆ ಇಳಿಸಿದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾತ್ರ ಹೆಚ್ಚು ತೂಕದ ಗೆರೆಯನ್ನು ಹಳೆಯ 25ರಲ್ಲೇ ಇಟ್ಟುಕೊಂಡು, ದೇಶದ ಹೆಂಗಸರಲ್ಲಿ ನೂರಕ್ಕೆ 24, ಗಂಡಸರಲ್ಲಿ ನೂರಕ್ಕೆ ಸುಮಾರು 23 ಮಂದಿ ಅದನ್ನು ದಾಟಿದವರೆಂದು ಎಣಿಸಿತು. ಕರ್ನಾಟಕದ ಪ್ರಮಾಣ ಇದಕ್ಕಿಂತ ಹೆಚ್ಚು. ಅಳತೆಗೋಲು ಒಂದೇ, ಗೆರೆ ಮಾತ್ರ ಬೇರೆ ಬೇರೆ.

ಈ ಅಂಕಿ ಉಸಿರಾಡಿಸುವ ಕಷ್ಟವನ್ನು ಎಷ್ಟರಮಟ್ಟಿಗೆ ಮುನ್ಸೂಚಿಸುತ್ತದೆ? 2000ದಲ್ಲಿ ಪ್ಯಾರಿಸ್ಸಿನ ಲಾಂಜೆರಾನ್ ಮತ್ತು ಸಂಗಡಿಗರು 1,502 ರೋಗಿಗಳನ್ನು ಗಮನಿಸಿ, ನೂರಕ್ಕೆ ಐವರಲ್ಲಿ ಮಾಸ್ಕಿನಿಂದ ಉಸಿರಾಡಿಸುವುದು ಕಷ್ಟವಾಯಿತೆಂದೂ, 55 ಮೀರಿದ ವಯಸ್ಸು, 26 ಮೀರಿದ ಇಂಡೆಕ್ಸ್, ಗಡ್ಡ, ಹಲ್ಲಿಲ್ಲದಿರುವುದು, ಗೊರಕೆ ಎಂಬ ಐದು ಅದರ ಸೂಚಕಗಳೆಂದೂ ಬರೆದರು. ತೂಕ ಐದರಲ್ಲಿ ಒಂದು. 2009ರಲ್ಲಿ ಅಮೆರಿಕದ ಖೇತರ್‌ಪಾಲ್ ಮತ್ತು ಸಂಗಡಿಗರು 53,041 ಪ್ರಸಂಗಗಳನ್ನು ಪರಿಶೀಲಿಸಿದಾಗ ಮಾಸ್ಕಿನಿಂದ ಉಸಿರಾಡಿಸುವುದು ಸಾಧ್ಯವೇ ಆಗದಿದ್ದುದು 77ರಲ್ಲಿ. ಅದರ ಸೂಚಕಗಳು ಕತ್ತಿಗೆ ವಿಕಿರಣ ಚಿಕಿತ್ಸೆಯಾಗಿರುವುದು, ಗಂಡಸಾಗಿರುವುದು, ನಿದ್ರೆಯಲ್ಲಿ ಉಸಿರು ಕಟ್ಟುವುದು, ಬಾಯಿ ತೆರೆದಾಗ ಗಂಟಲು ಕಾಣದಿರುವುದು ಮತ್ತು ಗಡ್ಡ. ತೂಕದ ಇಂಡೆಕ್ಸ್ ಈ ಪಟ್ಟಿಯಲ್ಲಿ ಇಲ್ಲ. ಇದರಿಂದ ಸ್ಥೂಲತೆ ನಿರಪಾಯವೆಂದು ಅರ್ಥವಲ್ಲ; ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಬಹುಮಟ್ಟಿಗೆ ಸ್ಥೂಲತೆಯ ಸಹಚರ, ಮೇಲೆ ಹೇಳಿದ ಗಾಳಿಯ ಠೇವಣಿಯ ಕೊರತೆಯೂ ಸುಳ್ಳಲ್ಲ. ಆದರೆ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ತೊಡೆಯ ಕೊಬ್ಬೂ ಕತ್ತಿನ ಕೊಬ್ಬೂ ತಕ್ಕಡಿಗೆ ಒಂದೇ, ಮಾಸ್ಕು ಹಿಡಿದ ಕೈಗೆ ಒಂದೇ ಅಲ್ಲ.

(ಗೊರಕೆಯ ಮಾತು ಬಂದುದರಿಂದ ಒಂದು ಪ್ರಾಸಂಗಿಕ ವಿಚಾರ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಸ್ಥೂಲನ ಲಕ್ಷಣಗಳನ್ನು ಹೇಳುವಾಗ ಕ್ಷುದ್ರಶ್ವಾಸ, ಅತಿನಿದ್ರೆಗಳೊಡನೆ ಕ್ರಥನವೆಂಬುದೂ ಬರುತ್ತದೆ. ಇದನ್ನು ಉಸಿರು ತಡೆಯುವುದೆಂದೂ ಗೊರಕೆಯೆಂದೂ ಅರ್ಥಮಾಡುವವರುಂಟು. ಎಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಹೇಳುವ ಚಾಳಿ ನಮ್ಮದಲ್ಲ. ಸುಶ್ರುತನ ಮುಂದೆ ಮಾಸ್ಕಿನ ಪ್ರಶ್ನೆಯಿರಲಿಲ್ಲ. ಸ್ಥೂಲನನ್ನು ತಕ್ಕಡಿಯಲ್ಲಿ ತೂಗದೆ ಅವನು ಮಲಗಿದಾಗ ಕೇಳಿಸಿಕೊಂಡ ಒಬ್ಬ ವೈದ್ಯನಿದ್ದನೆಂದಷ್ಟೇ ಇಲ್ಲಿ ಗ್ರಾಹ್ಯ.)

ಪ್ಯಾರಿಸ್ಸಿನ ಐದು ಸೂಚಕಗಳನ್ನು ಲಗ್ಗೆರೆಗೆ ತಂದರೆ ಅವುಗಳ ಅರ್ಥವೂ ಕೊಂಚ ಬದಲಾಗುತ್ತದೆ. ಗಡ್ಡವಿದ್ದರೆ ಮಾಸ್ಕಿನ ಅಂಚಿನಿಂದ ಗಾಳಿ ಸೋರುತ್ತದೆ. ಅಯ್ಯಪ್ಪನ ಮಾಲೆ ಹಾಕಿದ ತರುಣನಿಗೆ ಗಡ್ಡ ಬೋಳಿಸೆಂದು ಹೇಳುವುದಕ್ಕಿಂತ, ಅವಸರವಿಲ್ಲದ ಶಸ್ತ್ರಚಿಕಿತ್ಸೆಯನ್ನು ಮಕರ ಸಂಕ್ರಾಂತಿಯ ಆಚೆಗೆ ಮುಂದೂಡುವುದು ಲೇಸು. ಪಟ್ಟಿಗಳು ಹೇಳದ ಇನ್ನೊಂದು ವಿಷಯ ಅಡಿಕೆ. ಅಡಿಕೆ, ಗುಟ್ಕಾಗಳನ್ನು ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯದಂತಾಗುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದರೂ, ರಾತ್ರಿ ಪಾಳಿಯ ನಿದ್ದೆಯನ್ನು ತಡೆಯಲು ಅಡಿಕೆಯ ಮೊರೆಹೋಗುವ ಕಾರ್ಮಿಕರು ಪೀಣ್ಯದಲ್ಲಿ ಕಡಿಮೆಯಿಲ್ಲ. ಇಂಥವರ ಬಾಯಿಯೊಳಗೆ ಕೊಳವೆ ಇಳಿಸುವುದು ದುಸ್ತರ. ಆಗ ಮಾಸ್ಕಿನ ಮೇಲಿನ ಅವಲಂಬನೆ ಹೆಚ್ಚುತ್ತದೆ. ಸ್ಥೂಲತೆಯೂ ಇದೂ ಒಬ್ಬನಲ್ಲೇ ಕೂಡಿದರೆ ಆಗುವ ಕಷ್ಟ ಪ್ಯಾರಿಸ್ಸಿನ ಎಣಿಕೆಗೆ ಸಿಕ್ಕಿರಲಾರದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದ ವೈದ್ಯ ತನ್ನ ಪಟ್ಟಿಯನ್ನು ತಾನೇ ತಿದ್ದಿಕೊಳ್ಳಬೇಕು.

ನಾಡಿಯೋ ಉಸಿರೋ ಎಂಬ ಹಳೆಯ ಜಗಳ ಏನಾಯಿತೆಂಬ ಕುತೂಹಲ ವಾಚಕರಿಗೆ ಇರಬಹುದು. 1942ರಲ್ಲಿ ಮಾಂಟ್ರಿಯಲ್ಲಿನ ಹೆರಾಲ್ಡ್ ಗ್ರಿಫಿತ್ ಶಸ್ತ್ರಚಿಕಿತ್ಸೆಗಾಗಿ ಕ್ಯುರಾರೆಯೆಂಬ ಸ್ನಾಯು ಸಡಿಲಿಸುವ ಮದ್ದನ್ನು ಬಳಸಿದ ಮೇಲೆ, ಲಾರಿ ಯಾವುದನ್ನು ಮರಣದ ಮೊದಲ ಹೆಜ್ಜೆಯೆಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದನೋ ಆ ಉಸಿರಿನ ನಿಲುಗಡೆಯನ್ನು ವೈದ್ಯರು ನಿತ್ಯವೂ ಬೇಕೆಂದೇ ಮಾಡುವಂತಾಯಿತು. 1974ರಲ್ಲಿ ಜಪಾನಿನ ತಕುವೊ ಅವೊಯಾಗಿ ಕಂಡುಹಿಡಿದ ತತ್ತ್ವದಿಂದ ಬಂದ ಪಲ್ಸ್ ಆಕ್ಸಿಮೀಟರ್, ಬೆರಳ ತುದಿಯ ನಾಡಿಯ ಬಡಿತವನ್ನೇ ಹಿಡಿದು ರಕ್ತದಲ್ಲಿ ಆಮ್ಲಜನಕವೆಷ್ಟೆಂದು ಹೇಳುತ್ತದೆ. ಸ್ನೋ ಪಕ್ಷವೂ ಸೈಮ್ ಪಕ್ಷವೂ ಒಂದೇ ಬೆರಳಿನಲ್ಲಿ ರಾಜಿಯಾದಂತೆ ತೋರುತ್ತದೆ. ಆದರೆ ಈ ಯಂತ್ರ ಸುದ್ದಿ ತರುವುದು ತಡವಾಗಿ. ಉಸಿರು ನಿಂತ ಮೇಲೂ ಕೆಲವು ಹೊತ್ತು ಅಂಕಿ ಅಲುಗಾಡದೆ ನಿಂತಿದ್ದು, ಇಳಿಯಲು ತೊಡಗಿದ ಮೇಲೆ ಸ್ಥೂಲಕಾಯರಲ್ಲಿ ಕಲ್ಲು ಜಾರಿದಂತೆ ಜಾರುತ್ತದೆ. ಗಾಳಿ ನಿಜವಾಗಿ ಒಳಹೋಗಿ ಹೊರಬರುತ್ತಿದೆಯೆಂಬುದನ್ನು ಮೊದಲು ತಿಳಿಸುವುದು ಎದೆಯ ಏರಿಳಿತ ಮತ್ತು ಹೊರಬಂದ ಉಸಿರಿನ ಇಂಗಾಲಾಮ್ಲವನ್ನು ಅಳೆಯುವ ಯಂತ್ರ. ಉಸಿರನ್ನೇ ನೋಡು ಎಂಬ ಲಾರಿಯ ಉಪದೇಶ, ಅವನು ಕೊಟ್ಟ ಕಾರಣ ಸುಳ್ಳಾದ ಮೇಲೂ, ಹೀಗೆ ಉಳಿದಿದೆ.

ಲಗ್ಗೆರೆಯ ಆ ಹೆಂಗಸನ್ನು ಮೂರು ತಿಂಗಳ ತರುವಾಯ ಮನೆಯವರು ಬೇರೊಂದು ಆಸ್ಪತ್ರೆಗೆ ಕರೆದೊಯ್ದರು. ನಡುವೆ ಎರಡು ಸಲ ಕಲ್ಲಿನ ನೋವು ಬಂದು ರಾತ್ರಿಯೆಲ್ಲ ನರಳಿದ್ದರು. ತೂಕ ಎರಡು ಕಿಲೋ ಕೂಡ ಇಳಿದಿರಲಿಲ್ಲ. ಅಲ್ಲಿಯ ಅರಿವಳಿಕೆ ವೈದ್ಯೆ ಚೀಟಿಯ ಅಂಕಿಯನ್ನು ನೋಡಿ ಪಕ್ಕಕ್ಕಿಟ್ಟು, ಬಾಯಿ ತೆರೆಯಲು ಹೇಳಿ ಬೆರಳಿಟ್ಟು ಅಳೆದರು. ಕತ್ತಿನ ಸುತ್ತ ಟೇಪು ಹಿಡಿದರು. ಗೊರಕೆ ಹೊಡೆಯುತ್ತಾರೆಯೇ, ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಗಂಡನನ್ನು ಕೇಳಿದರು. ಕೊನೆಗೆ, “ಅಮ್ಮಾ, ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರ?” ಎಂದರು. “ಎರಡು ಮೇಡಂ. ಒಂದ್ರಲ್ಲಿ ಮಲಗಿದ್ರೆ ಯಾರೋ ಎದೆ ಮೇಲೆ ಕೂತ ಹಾಗೆ ಆಗುತ್ತೆ” ಎಂದು ಆಕೆ ಹೇಳಿದರಂತೆ. ಶಸ್ತ್ರಚಿಕಿತ್ಸೆಯ ದಿನ ಹೊದಿಕೆಗಳನ್ನು ಪೇರಿಸಿ ತಲೆ ಎತ್ತರಿಸಿ ಮಲಗಿಸಿದರು. ಮಾಸ್ಕು ಹಿಡಿಯಲು ಇಬ್ಬರು ನಿಂತಿದ್ದರು. ಮೂರನೆಯ ದಿನ ಆಕೆ ಮನೆಗೆ ಬಂದರು. ಹುಡುಗ ತಂದು ತೋರಿಸಿದ ಬಿಡುಗಡೆಯ ಕಾಗದದಲ್ಲಿಯೂ ಮೇಲಿನ ಸಾಲಿನಲ್ಲಿ ತೂಕದ ಅಂಕಿಯಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಮುಂದೆ ಎಂದಾದರೂ ಆಕೆಗೆ ಅರಿವಳಿಕೆ ಕೊಡುವವರಿಗಾಗಿ, ಬಾಯಿ ಎರಡೂವರೆ ಬೆರಳಿನಷ್ಟು ತೆರೆಯುತ್ತದೆ, ಗೊರಕೆಯುಂಟು, ತಲೆ ಎತ್ತರಿಸಿದಾಗ ಮಾಸ್ಕಿನಿಂದ ಉಸಿರಾಡಿಸಲು ಕಷ್ಟವಾಗಲಿಲ್ಲ ಎಂದು ಬರೆದಿತ್ತು.